ಡಬ್ಲ್ಯೂ ಇರುವ ಹಬ್ಬ

ಒಂದು ಅಕ್ಷರದಿಂದ ಶುರು ಮಾಡುತ್ತೇನೆ. ಇಂಗ್ಲಿಷಿನ ಡಬ್ಲ್ಯೂ. ಕನ್ನಡದಲ್ಲಿ ನಮಗೆ ಅದರ ತಲೆಬಿಸಿ ಇಲ್ಲ. ವ್ಯಾನಿಗೂ ಅದೇ ವ, ವಾಚಿಗೂ ಅದೇ ವ. ಹಾಗಾಗಿ ಈ ಕಥೆಯನ್ನು ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದು ತೋರಿಸಿದರೆ ಏನೂ ಗೊತ್ತಾಗುವುದಿಲ್ಲ. ಬಾಯಲ್ಲೇ ಹೇಳಬೇಕು.

ಟರ್ಕಿ ದೇಶ 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿಗೆ ಬಂತು. ಆ ಹೊಸ ಅಕ್ಷರಮಾಲೆಯಲ್ಲಿ ಕ್ಯೂ, ಡಬ್ಲ್ಯೂ, ಎಕ್ಸ್ ಈ ಮೂರೂ ಇರಲಿಲ್ಲ. ಟರ್ಕಿಯವರ ಭಾಷೆಗೆ ಅವು ಬೇಕಾಗಿರಲಿಲ್ಲ. ಆದರೆ ಅದೇ ದೇಶದಲ್ಲಿ ಇರುವ ಕುರ್ದರ ಭಾಷೆಗೆ ಮೂರೂ ಬೇಕು. ಅವರ ದೊಡ್ಡ ಹಬ್ಬದ ಹೆಸರಿನ ನಡುವೆಯೇ ಡಬ್ಲ್ಯೂ ಕೂತಿದೆ. ನವ್ರೋಜ್. ಟರ್ಕಿಯ ಸರ್ಕಾರ ಇದೇ ಹಬ್ಬವನ್ನು ವಿ ಹಾಕಿ 'ನೆವ್ರುಜ್' ಎಂದು ಬರೆಯುತ್ತದೆ. ಡಬ್ಲ್ಯೂ ಹಾಕಿ ಶುಭಾಶಯ ಪತ್ರ ಕಳಿಸಿದ ಮೇಯರ್ ಮೇಲೆ ಕೇಸು ಹಾಕಿದ್ದೂ ಇದೆ. ಅಕ್ಷರಮಾಲೆಯ ಕಾನೂನು ಮುರಿದರು ಅಂತ! ಆ ಮೂರು ಅಕ್ಷರಗಳ ಮೇಲಿನ ತಡೆ ಹೋಗಿದ್ದು 2013ರಲ್ಲಿ. ಮೊನ್ನೆ ಮೊನ್ನೆ ಅಲ್ವಾ?

ಒಂದು ಹಬ್ಬದ ಕಾಗುಣಿತಕ್ಕೆ ಕೋರ್ಟು ಕಚೇರಿ ಆಗುತ್ತದೆ ಅಂದರೆ ಆ ಹಬ್ಬದಲ್ಲಿ ಏನೋ ಇರಲೇಬೇಕು. ಅದೇನು ಅಂತ ನೋಡೋಣ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಂಡಿತ ಅಲ್ಲ. ಲೆಕ್ಕಪತ್ರದ ಕೆಲಸದವನು. ಧಾರವಾಡದ ಕಡೆಯವನು. ಕಟ್ಟಡ ಕಟ್ಟುವ ಒಂದು ಕಂಪನಿಯ ಜೊತೆ ಇರಾಕಿನ ಕುರ್ದಿಸ್ತಾನದ ಸುಲೈಮಾನಿಯಾ ಊರಿನಲ್ಲಿ ಮೂರು ವರ್ಷ ಇದ್ದೆ. ಮೂರು ನವ್ರೋಜ್ ನೋಡಿದೆ. ಆಫೀಸಿನಲ್ಲಿ ನನ್ನನ್ನು ಎಲ್ಲರೂ 'ಕಾಕ' ಅನ್ನುತ್ತಿದ್ದರು. ಮೊದಲ ದಿನ ನಾನು ಖುಷಿಯಾಗಿದ್ದೆ, ಇವರಿಗೂ ನಮ್ಮ ಕಡೆಯ ಕಾಕಾ ಗೊತ್ತಲ್ಲ ಅಂತ. ನಮಗೆ ಕಾಕಾ ಅಂದರೆ ಚಿಕ್ಕಪ್ಪ. ಅವರಿಗೆ ಕಾಕ ಅಂದರೆ ಅಣ್ಣ. ಮರ್ಯಾದೆಗೂ ಅದೇ, ಸಲಿಗೆಗೂ ಅದೇ.

ಕುರ್ದರು ಮೂರು ಕೋಟಿಗೂ ಹೆಚ್ಚು ಜನ. ಟರ್ಕಿ, ಇರಾನ್, ಇರಾಕ್, ಸಿರಿಯಾ ಈ ನಾಲ್ಕು ದೇಶಗಳ ಗಡಿ ಸೇರುವ ಬೆಟ್ಟಗಳಲ್ಲಿ ಹರಡಿಕೊಂಡಿದ್ದಾರೆ. ಅವರದೇ ಅಂತ ಒಂದು ದೇಶ ಇಲ್ಲ. ಜಾಸ್ತಿ ಜನ ಸುನ್ನಿ ಮುಸ್ಲಿಮರು. ಶಿಯಾಗಳು, ಅಲೆವಿಗಳು, ಯಾರ್ಸಾನಿಗಳು, ಯಜೀದಿಗಳೂ ಇದ್ದಾರೆ. ನವ್ರೋಜ್ ಯಾವುದೋ ಒಂದು ಧರ್ಮದ ಹಬ್ಬ ಅಂತಲ್ಲ, ವಸಂತದ ಹಬ್ಬ. ಭಾಷೆಯ ವಿಷಯಕ್ಕೆ ಬಂದರೆ, ಅವರ ಕುರ್ದಿಶ್ ಪರ್ಷಿಯನ್ ಭಾಷೆಗೆ ಹತ್ತಿರದ ನುಡಿ. ಹಾಗಾಗಿ ಸಂಸ್ಕೃತಕ್ಕೂ ದೂರದ ನೆಂಟಸ್ತಿಕೆ ಇದೆ. ನವ್ ಅಂದರೆ ಹೊಸದು, ನಮ್ಮ 'ನವ'. ರೋಜ್ ಅಂದರೆ ದಿನ. ಏಳಕ್ಕೆ ಅವರು ಹಫ್ತ್ ಅನ್ನುತ್ತಾರೆ. ವಾರಕ್ಕೆ 'ಹಫ್ತಾ' ಅನ್ನುವ ಮಾತು ನಮ್ಮಲ್ಲಿ ಓಡಾಡುತ್ತದಲ್ಲ, ಅದರ ಬೇರೂ ಅಲ್ಲೇ. ಹಬ್ಬದ ದಿನ ಎದುರಾದವರಿಗೆಲ್ಲ 'ನವ್ರೋಜ್ ಪೀರೋಜ್ ಬೇ' ಅನ್ನುತ್ತಾರೆ. ಹಬ್ಬ ಶುಭವಾಗಲಿ ಅಂತ. ಈ ಪೀರೋಜ್ ಬೇರೆ ಯಾವುದೂ ಅಲ್ಲ, ನಮ್ಮ ಕಲಬುರಗಿಯ ಬಹಮನಿ ಸುಲ್ತಾನ ಫಿರೋಜ್ ಷಾನ ಹೆಸರು. ಗೆದ್ದವನು ಅಂತ ಅದರ ಹಳೆಯ ಅರ್ಥ.

ಹಬ್ಬದ ದಿನ ಮಾರ್ಚ್ 21. ಹಿಂದಿನ ಸಂಜೆ, 20ಕ್ಕೆ, ಬೆಂಕಿ. ಹಗಲು ರಾತ್ರಿ ಸಮ ಆಗುವ ಹೊತ್ತು ಅದು. ಸೂರ್ಯನ ಲೆಕ್ಕದ ಹಬ್ಬವಾದ್ದರಿಂದ ದಿನಾಂಕ ಹೆಚ್ಚು ಕದಲುವುದಿಲ್ಲ. ನಮ್ಮ ಯುಗಾದಿ ಚಂದ್ರನ ಲೆಕ್ಕದ್ದು, ಹಿಂದೆ ಮುಂದೆ ಆಡುತ್ತದೆ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂತು. ನವ್ರೋಜ್‌ನ ಮರುದಿನ. ಅವತ್ತು ನಾನು ಅಲ್ಲೇ ಇದ್ದೆ. ಬೇವು ಸಿಗಲಿಲ್ಲ, ಬೆಲ್ಲವೂ ಸಿಗಲಿಲ್ಲ. ಖರ್ಜೂರದ ಪಾಕದಲ್ಲಿ ಮುಗಿಸಿದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಮಂಗಳೂರು ಉಡುಪಿ ಕಡೆಯವರು ಇಲ್ಲಿ ಇದ್ದರೆ ಅವರಿಗೆ ಖುಷಿಯಾಗುತ್ತದೆ. ತುಳುವರ ಬಿಸು ಹಬ್ಬ ಬರುವುದು ಏಪ್ರಿಲ್ 14 ಅಥವಾ 15ಕ್ಕೆ. ಬಿಸು ಅಂದರೇನು? ವಿಷುವ. ವಿಷುವ ಅಂದರೆ ಹಗಲು ರಾತ್ರಿ ಸಮ ಇರುವ ದಿನ. ಆದರೆ ಏಪ್ರಿಲ್ 14ಕ್ಕೆ ಹಗಲು ರಾತ್ರಿ ಸಮ ಇರುವುದಿಲ್ಲವಲ್ಲ! ಹಿಂದೆ ಇತ್ತು. ಭೂಮಿಯ ಅಕ್ಷ ಬುಗುರಿಯ ಹಾಗೆ ತುಂಬಾ ನಿಧಾನವಾಗಿ ತೂಗುತ್ತದೆ. ನಮ್ಮ ಪಂಚಾಂಗ ನಕ್ಷತ್ರಗಳಿಗೆ ಕಟ್ಟಿಕೊಂಡಿದ್ದರಿಂದ ಸುಮಾರು 70 ವರ್ಷಕ್ಕೆ ಒಂದು ದಿನದಂತೆ ವಿಷುವದಿಂದ ದೂರ ಸರಿಯುತ್ತಾ ಬಂತು. ಸುಮಾರು 1700 ವರ್ಷದಲ್ಲಿ 24 ದಿನ ಸರಿದಿದೆ. ಹೆಸರು ಮಾತ್ರ ಅಲ್ಲೇ ಉಳಿಯಿತು. ಅಂದರೆ ತುಳುವರ ಬಿಸುವೂ ಕುರ್ದರ ನವ್ರೋಜೂ ಆಕಾಶದ ಒಂದೇ ಘಟನೆಗೆ ಇಟ್ಟ ಹೆಸರುಗಳು. ಒಂದು ಜಾಗ ಬಿಟ್ಟು ಕದಲಿದೆ, ಇನ್ನೊಂದು ಕದಲಿಲ್ಲ.

ಆದರೆ ಹವೆ ಬೇರೆ. ನಮಗೆ ಮಾರ್ಚ್ ಅಂದರೆ ಬಿಸಿಲು ಏರುವ ಕಾಲ. ಧಾರವಾಡದಲ್ಲಿ ಹೋಳಿ ಮುಗಿದರೆ ಫ್ಯಾನು ತಿರುಗಿಸಲೇಬೇಕು. ಕುರ್ದರ ಕಡೆಯ ಜಾಗ್ರೋಸ್ ಬೆಟ್ಟಗಳಲ್ಲಿ ಹಾಗಲ್ಲ. ಅಲ್ಲಿ ಚಳಿಗಾಲ ಅಂದರೆ ಹಿಮ. ಮೇಲಿನ ಹಳ್ಳಿಗಳಿಗೆ ದಾರಿಯೇ ಮುಚ್ಚಿ ಹೋಗುತ್ತದೆ. ಕುರಿಗಳು ಕೊಟ್ಟಿಗೆಯಲ್ಲಿ, ಜನ ಒಲೆಯ ಸುತ್ತ. ಮಾರ್ಚ್ ಬಂತೆಂದರೆ ಹಿಮ ಕರಗಿ ಹಳ್ಳಗಳು ತುಂಬುತ್ತವೆ, ಕುರಿ ಮರಿ ಹಾಕಿರುತ್ತದೆ, ಬಾದಾಮಿ ಗಿಡ ಹೂ ಬಿಡುತ್ತದೆ. ಪೇಟೆಯಲ್ಲಿ ನರ್ಗಿಸ್ ಹೂವಿನ ಕಟ್ಟು ಮಾರುವ ಹುಡುಗರು ಸಿಗ್ನಲ್ಲಿನಲ್ಲಿ ನಿಂತಿರುತ್ತಾರೆ. ಸುಲೈಮಾನಿಯಾದ ಸುತ್ತ ಬೋಳಾಗಿ ಕಂದಾಗಿದ್ದ ಗುಡ್ಡಗಳು ಮೂರು ನಾಲ್ಕು ವಾರ ಹಸಿರಾಗುತ್ತವೆ. ಅಷ್ಟೇ. ಜೂನ್ ಹೊತ್ತಿಗೆ ಮತ್ತೆ ಕಂದು. ಆ ನಾಲ್ಕು ವಾರಕ್ಕಾಗಿ ಜನ ವರ್ಷವಿಡೀ ಕಾಯುತ್ತಾರೆ.

ಈಗ ಕಥೆಗೆ ಬರೋಣ. ಕಾವಾ ಎಂಬ ಕಮ್ಮಾರನ ಕಥೆ. ಕುರ್ದ್ ಮಕ್ಕಳಿಗೆ ಮಾತು ಬರುವ ಮೊದಲೇ ಈ ಕಥೆ ಬಂದಿರುತ್ತದೆ.

ಜುಹಾಕ್ ಅಂತ ಒಬ್ಬ ಕ್ರೂರ ರಾಜ. ಅವನ ಎರಡು ಭುಜಗಳ ಮೇಲೆ ಎರಡು ಹಾವು ಬೆಳೆದಿದ್ದವು. ಆ ಹಾವುಗಳಿಗೆ ದಿನಾ ಇಬ್ಬರು ಹುಡುಗರ ಮಿದುಳು ಬೇಕು. ಕೊಡದಿದ್ದರೆ ರಾಜನನ್ನೇ ಕಾಡುತ್ತವೆ. ಊರಿನ ಮಕ್ಕಳು ದಿನಕ್ಕೆ ಇಬ್ಬರಂತೆ ಹೋಗುತ್ತಿದ್ದರು. ಕಮ್ಮಾರ ಕಾವಾನ ಮಕ್ಕಳೂ ಹೋದರು. 17 ಗಂಡು ಮಕ್ಕಳು ಹೋಗಿ ಕೊನೆಯವನ ಸರದಿ ಬಂದಾಗ ಅವನು ತಿರುಗಿಬಿದ್ದ. ಸುತ್ತಿಗೆ ಹಿಡಿದು ಅರಮನೆಗೆ ನುಗ್ಗಿ ಜುಹಾಕ್‌ನ ತಲೆ ಒಡೆದ. ಗೆದ್ದ ಸುದ್ದಿ ಎಲ್ಲರಿಗೂ ಗೊತ್ತಾಗಲಿ ಅಂತ ಬೆಟ್ಟ ಹತ್ತಿ ಬೆಂಕಿ ಹಚ್ಚಿದ. ಆ ಬೆಂಕಿ ನೋಡಿ ಮುಂದಿನ ಬೆಟ್ಟದವರು ಹಚ್ಚಿದರು, ಅದನ್ನು ನೋಡಿ ಅದರ ಮುಂದಿನವರು. ಮರುದಿನ ವಸಂತ ಬಂತು.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಾವಾ ಅಲ್ಲ. ಅಡುಗೆಯವರು! ಅರಮನೆಯಲ್ಲಿ ಇಬ್ಬರು ಅಡುಗೆಯವರಿದ್ದರು. ಅವರು ದಿನಾ ಇಬ್ಬರು ಹುಡುಗರಲ್ಲಿ ಒಬ್ಬನನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿದ್ದರು. ಅವನ ಬದಲು ಕುರಿಯ ಮಿದುಳು ಬೆರೆಸಿ ಹಾವಿಗೆ ಬಡಿಸುತ್ತಿದ್ದರು. ಬಿಟ್ಟ ಹುಡುಗರಿಗೆ ಒಂದಷ್ಟು ಕುರಿ ಮೇಕೆ ಕೊಟ್ಟು, ಊರಿನ ಕಡೆ ತಲೆ ಹಾಕಬೇಡಿ, ಬೆಟ್ಟಕ್ಕೆ ಹೋಗಿ ಅನ್ನುತ್ತಿದ್ದರು. ಹಾಗೆ ಬೆಟ್ಟ ಸೇರಿದವರೇ ಕುರ್ದರಾದರು ಅಂತ ಕಥೆ. ಇದು ಬರೀ ಕುರ್ದರು ಹೇಳಿಕೊಳ್ಳುವ ಮಾತಲ್ಲ. ಪರ್ಷಿಯನ್ ಕವಿ ಫಿರ್ದೌಸಿ 1010ರ ಹೊತ್ತಿಗೆ ಮುಗಿಸಿದ 'ಷಾನಾಮೆ'ಯಲ್ಲೇ ಇದೆ. ಯೋಚನೆ ಮಾಡಿ ನೋಡಿ. ನಮ್ಮ ಕುಲದ ಮೂಲ ಸೂರ್ಯ, ಚಂದ್ರ ಅಂತ ಹೇಳಿಕೊಳ್ಳುವವರು ಬೇಕಾದಷ್ಟು ಜನ. ಯಾರೋ ಅಡುಗೆಯವರು ಕಣ್ಣು ತಪ್ಪಿಸಿ ಉಳಿಸಿದ ಹುಡುಗರ ಮಕ್ಕಳು ನಾವು ಅಂತ ಎಷ್ಟು ಜನ ಹೇಳಿಕೊಳ್ಳುತ್ತಾರೆ?

ಷಾನಾಮೆಯ ಕಥೆಗೂ ಕುರ್ದರ ಬಾಯಿ ಕಥೆಗೂ ಒಂದು ವ್ಯತ್ಯಾಸ ಇದೆ. ಅದನ್ನು ಹೇಳದೆ ಮುಂದೆ ಹೋಗಬಾರದು. ಫಿರ್ದೌಸಿಯಲ್ಲಿ ಕಮ್ಮಾರ ದಂಗೆ ಎಬ್ಬಿಸುತ್ತಾನೆ, ತನ್ನ ಚರ್ಮದ ಮುಂಗವಚವನ್ನು ಕೋಲಿಗೆ ಕಟ್ಟಿ ಬಾವುಟ ಮಾಡುತ್ತಾನೆ. ಆದರೆ ಕೊನೆಗೆ ಗೆಲ್ಲುವವನು ಫರೀದೂನ್ ಎಂಬ ರಾಜಕುಮಾರ. ಜುಹಾಕ್‌ನನ್ನು ಕೊಲ್ಲುವುದೂ ಇಲ್ಲ, ಇರಾನಿನ ದಮಾವಂದ್ ಬೆಟ್ಟದಲ್ಲಿ ಕಟ್ಟಿಹಾಕುತ್ತಾನೆ. ಸಿಂಹಾಸನ ಮತ್ತೆ ರಾಜವಂಶಕ್ಕೆ. ಕುರ್ದರು ಹೇಳುವ ಕಥೆಯಲ್ಲಿ ರಾಜಕುಮಾರ ಹೆಚ್ಚುಕಡಿಮೆ ಮಾಯವಾಗಿದ್ದಾನೆ. ಕಮ್ಮಾರನೇ ಹೊಡೆಯುತ್ತಾನೆ, ಕಮ್ಮಾರನೇ ಬೆಂಕಿ ಹಚ್ಚುತ್ತಾನೆ. ರಾಜ್ಯ ಇಲ್ಲದ ಜನ ಹೇಳುವ ಕಥೆಯಲ್ಲಿ ರಾಜಕುಮಾರನಿಗೆ ಏನು ಕೆಲಸ, ಹೇಳಿ.

ಈ ಕಥೆ ಮೊದಲಿನಿಂದ ನವ್ರೋಜ್‌ಗೇ ಅಂಟಿಕೊಂಡಿತ್ತಾ? ಇಲ್ಲ. ಜೇಮ್ಸ್ ಮೋರಿಯರ್ ಅಂತ ಒಬ್ಬ ಇಂಗ್ಲಿಷ್ ರಾಯಭಾರ ಕಚೇರಿಯವನು 1812ರಲ್ಲಿ ದಮಾವಂದ್ ಕಡೆ ಇದ್ದಾಗ ಒಂದು ಹಬ್ಬ ನೋಡಿ ಬರೆದಿಟ್ಟಿದ್ದಾನೆ. ಜುಹಾಕ್ ಸತ್ತ ನೆನಪಿಗೆ ಜನ ಕುಣಿದು ಬೆಂಕಿ ಹಚ್ಚುವ ಹಬ್ಬ. 'ಕುರ್ದರ ಹಬ್ಬ' ಅಂತ ಅದನ್ನು ಕರೆಯುತ್ತಿದ್ದರಂತೆ. ದಿನಾಂಕ ಆಗಸ್ಟ್ 31! ವಸಂತಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ವಸಂತದ ಹೊಸ ವರ್ಷ ಒಂದು ಕಡೆ ಇತ್ತು, ಕಮ್ಮಾರನ ಕಥೆ ಇನ್ನೊಂದು ಕಡೆ ಇತ್ತು. ಎರಡನ್ನೂ ಗಟ್ಟಿಯಾಗಿ ಹೊಲಿದದ್ದು 20ನೇ ಶತಮಾನದ ಕವಿಗಳು, ಹೋರಾಟಗಾರರು.

ಅವರಲ್ಲಿ ನನ್ನ ಮೆಚ್ಚಿನವನು ಸುಲೈಮಾನಿಯಾದ ಪೀರಮೇರ್ದ್. ಅದು ಅಂಕಿತನಾಮ. ಮುದುಕ ಅಂತ ಅರ್ಥ. ಹುಟ್ಟಿದ್ದು 1867, ತೀರಿಕೊಂಡಿದ್ದು 1950. ಪತ್ರಿಕೆ ನಡೆಸುತ್ತಿದ್ದ, ಗಾದೆಗಳನ್ನು ಕೂಡಿಸಿ ಪದ್ಯ ಮಾಡುತ್ತಿದ್ದ. ವಯಸ್ಸಾದ ಕಾಲದಲ್ಲಿ ಊರ ಪಕ್ಕದ ಮಾಮಾಯಾರಾ ಎಂಬ ದಿಬ್ಬದ ಮೇಲೆ ಜನರನ್ನು ಸೇರಿಸಿ ನವ್ರೋಜ್ ಬೆಂಕಿ ಹಚ್ಚಿಸುತ್ತಿದ್ದ. ಅವನು ಬರೆದ ನವ್ರೋಜ್ ಪದ್ಯ ಈಗ ಹಬ್ಬದ ಹಾಡೇ ಆಗಿದೆ. ಹೊಸ ವರ್ಷ ಬಂತು, ನವ್ರೋಜ್ ಮತ್ತೆ ಬಂತು ಅಂತ ಶುರುವಾಗುತ್ತದೆ. ಸತ್ತ ಮೇಲೆ ಅವನನ್ನು ಮಣ್ಣು ಮಾಡಿದ್ದೂ ಅದೇ ದಿಬ್ಬದಲ್ಲಿ. ನಾನು ಹೋಗಿ ನೋಡಿದ್ದೇನೆ. ಈಗ ಸುತ್ತ ಊರು ಬೆಳೆದಿದೆ.

ಹೀಗೆ ಹೊಲಿದ ಹಬ್ಬ ಅಂದ ಕೂಡಲೇ ಕೆಲವರು 'ಹಾಗಾದರೆ ಸುಳ್ಳು' ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಬಟ್ಟೆಯೂ ಹಳೆಯದೇ, ದಾರವೂ ಹಳೆಯದೇ. ಹೊಲಿಗೆ ಮಾತ್ರ ಹೊಸದು. ವರ್ಷದ ಲೆಕ್ಕವೂ ಇದೇ ಥರ. ಕುರ್ದರ ಕ್ಯಾಲೆಂಡರಿನಲ್ಲಿ ಕ್ರಿಸ್ತ ವರ್ಷಕ್ಕೆ 700 ಕೂಡಿಸುತ್ತಾರೆ. 2025ರ ನವ್ರೋಜ್‌ಗೆ 2725 ಶುರುವಾಯಿತು. ತಾವು ಮೀಡರು ಎಂಬ ಹಳೆಯ ಇರಾನಿ ಜನರ ವಂಶದವರು, ಮೀಡರು ರಾಜ್ಯ ಕಟ್ಟಿದ್ದು ಕ್ರಿಸ್ತಪೂರ್ವ 700ರಲ್ಲಿ ಅಂತ ಈ ಲೆಕ್ಕ. ಮೀಡರ ಕೈಗೆ ಅಸಿರಿಯಾದ ರಾಜಧಾನಿ ನಿನೆವೆ ಬಿದ್ದ ಕ್ರಿಸ್ತಪೂರ್ವ 612ರಿಂದ ಎಣಿಸುವವರೂ ಇದ್ದಾರೆ. ನಾವು ಶಾಲಿವಾಹನ ಶಕೆ ಅನ್ನುವಾಗ ಎಷ್ಟು ಜನ ಶಾಲಿವಾಹನ ಯಾರು ಅಂತ ಕೇಳಿದ್ದೇವೆ?

ಈಗ ಬೆಂಕಿ. ನವ್ರೋಜ್ ಹಿಂದಿನ ಸಂಜೆ ನೋಡಬೇಕಾದ ಊರು ಆಕ್ರೆ. ದುಹೋಕ್ ಕಡೆಯ ಹಳೆಯ ಊರು. ಗುಡ್ಡದ ಇಳಿಜಾರಿನಲ್ಲಿ ಮನೆಗಳು ಒಂದರ ಮೇಲೊಂದು ಮೆಟ್ಟಿಲಿನ ಹಾಗೆ ಹತ್ತಿಕೊಂಡು ಹೋಗಿವೆ. ಇದನ್ನು ನವ್ರೋಜ್‌ನ ರಾಜಧಾನಿ ಅನ್ನುತ್ತಾರೆ. ಹೊತ್ತು ಮುಳುಗುವಾಗ ಸಾವಿರಾರು ಜನ ಪಂಜು ಹಿಡಿದು ಗುಡ್ಡ ಹತ್ತುತ್ತಾರೆ. ದಾರಿ ಹಾವಿನಂತೆ ಬಳುಕುತ್ತದೆ. ಕೆಳಗಿನಿಂದ ನೋಡಿದರೆ ಗುಡ್ಡದ ಮೈಮೇಲೆ ಬೆಂಕಿಯ ಗೆರೆ ಎಳೆದ ಹಾಗೆ. ಮೇಲೆ ಹೋದ ಮೇಲೆ ಪಟಾಕಿ. ಪಂಜು ಹಿಡಿದವರಲ್ಲಿ ಹೆಂಗಸರು, ಸ್ಕೂಲಿನ ಮಕ್ಕಳು ಎಲ್ಲರೂ ಇರುತ್ತಾರೆ. ಇರಾನ್ ಕಡೆ ಪಾಲಂಗಾನ್ ಎಂಬ ಹಳ್ಳಿಯಲ್ಲೂ ಹೀಗೇ ಪಂಜಿನ ಮೆರವಣಿಗೆ ಇದೆ. ಆಕ್ರೆಗೆ ನಾನು ಹೋಗಿದ್ದು ಒಂದೇ ಸಲ. ಜನಜಂಗುಳಿಯಲ್ಲಿ ಕಾರು ಮೂರು ಕಿಲೋಮೀಟರ್ ಹಿಂದೆಯೇ ಬಿಟ್ಟು ನಡೆದೆ. ಮಳೆ ಬಂದಿತ್ತು. ಕೆಸರಲ್ಲಿ ಒಂದು ಬೂಟು ಹೋಯಿತು, ಮತ್ತೆ ಸಿಗಲಿಲ್ಲ.

ಸುಲೈಮಾನಿಯಾದಲ್ಲಿ ಗೋಯ್ಜಾ ಎಂಬ ಬೆಟ್ಟ ಊರಿನ ನೆತ್ತಿಯ ಮೇಲೇ ಇದೆ. ಅಲ್ಲಿ ದೊಡ್ಡ ಬೆಂಕಿ. ಬಡಾವಣೆಗಳಲ್ಲಿ ಓಣಿಗೊಂದು ಸಣ್ಣ ಬೆಂಕಿ. ನಮ್ಮಲ್ಲಿ ಕಾಮಣ್ಣನಿಗೆ ಕಟ್ಟಿಗೆ ಕದಿಯುವ ಹುಡುಗರಿದ್ದಾರಲ್ಲ, ಅದೇ ವಯಸ್ಸಿನ ಹುಡುಗರು ಅಲ್ಲಿ ಹಳೆ ಟೈರು ಉರುಳಿಸಿಕೊಂಡು ಬರುತ್ತಾರೆ. ಎಲ್ಲ ಚೆಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಟೈರು ಸುಟ್ಟ ಹೊಗೆ ಮರುದಿನದವರೆಗೆ ಗಂಟಲಲ್ಲಿ ಇರುತ್ತದೆ. ಬೇಡ ಅಂತ ಪ್ರತಿ ವರ್ಷ ಹೇಳುತ್ತಾರೆ, ಪ್ರತಿ ವರ್ಷ ಸುಡುತ್ತಾರೆ.

ಹಬ್ಬದ ದಿನ ಊರು ಖಾಲಿ. ನಿಜವಾಗಲೂ ಖಾಲಿ. ಅಂಗಡಿ ಇಲ್ಲ, ಹೋಟೆಲಿಲ್ಲ. ಎಲ್ಲರೂ 'ಸೈರಾನ್'ಗೆ ಹೋಗಿರುತ್ತಾರೆ. ಸೈರಾನ್ ಅಂದರೆ ಹೊರಗೆ ಹೋಗಿ ಉಣ್ಣುವುದು, ನಮ್ಮ ಹೊರಸಂಚಾರದ ಊಟ. ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತೇವಲ್ಲ, ಹಾಗೆ. ಪೂಜೆ ಇಲ್ಲ, ಚರಗ ಚೆಲ್ಲುವುದಿಲ್ಲ. ಊಟ, ಕುಣಿತ, ಚಹಾ, ಮತ್ತೆ ಕುಣಿತ. ಬೆಳಿಗ್ಗೆ ಹೋದವರು ದಾರಿ ಬದಿಯಲ್ಲಿ ಹಸಿರು ಕಂಡಲ್ಲಿ ಜಮಖಾನೆ ಹಾಸುತ್ತಾರೆ. ಹತ್ತಕ್ಕೆ ಹೋದವರಿಗೆ ಜಾಗ ಇಲ್ಲ. ದುಕಾನ್ ಕೆರೆಯ ದಾರಿಯಲ್ಲಿ ನಾವು ನಾಲ್ಕು ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆವು. ಯಾರಿಗೂ ಬೇಜಾರಿಲ್ಲ. ಮುಂದಿನ ಕಾರಿನವರು ಡೋರು ತೆಗೆದು ಹಾಡು ಜೋರು ಮಾಡಿ ರಸ್ತೆಯಲ್ಲೇ ಕುಣಿಯಲು ಶುರು ಮಾಡಿದರು.

ಊಟದ ರಾಜ ಯಾಪ್ರಾಖ್. ನಮ್ಮ ಪತ್ರೊಡೆಯ ಹಾಗೆ ಎಲೆಯಲ್ಲಿ ಸುತ್ತಿದ್ದು, ಆದರೆ ಒಳಗೆ ಅಕ್ಕಿ, ಕೊಚ್ಚಿದ ಮಾಂಸ, ಸೊಪ್ಪು, ಹುಳಿ. ದ್ರಾಕ್ಷಿ ಎಲೆ, ಪಾಲಕ್ಕಿನಂಥ ದಪ್ಪ ಎಲೆ. ಎಲೆ ಮಾತ್ರ ಅಲ್ಲ, ಈರುಳ್ಳಿಯ ಪದರ, ತಿರುಳು ತೆಗೆದ ಬದನೆಕಾಯಿ, ಟೊಮೆಟೊ, ಎಲ್ಲದರಲ್ಲೂ ಅದೇ ಹೂರಣ ತುಂಬುತ್ತಾರೆ. ಪಾತ್ರೆಯ ತಳದಲ್ಲಿ ಮಾಂಸದ ತುಂಡು. ಹಿಂದಿನ ದಿನ ಮನೆಯ ಹೆಂಗಸರೆಲ್ಲ ಸುತ್ತ ಕೂತು ಸುತ್ತುತ್ತಾರೆ, ಮಾತಾಡುತ್ತಾರೆ, ಬೈಯುತ್ತಾರೆ. ನನ್ನ ಸಹೋದ್ಯೋಗಿಯ ಅಮ್ಮ ಆ ಪಾತ್ರೆಯನ್ನು ಕಾರಿನಲ್ಲಿ ಮೊಮ್ಮಗನಿಗಿಂತ ಜೋಪಾನವಾಗಿ ತಂದರು. ಬಯಲಿನಲ್ಲಿ ಅಗಲವಾದ ತಟ್ಟೆ ಇಟ್ಟು ಪಾತ್ರೆಯನ್ನು ಒಂದೇ ಏಟಿಗೆ ಮಗುಚಿದರು. ಆವಿ ಎದ್ದಿತು. ಎಲ್ಲರೂ ಚಪ್ಪಾಳೆ. ನಾನು ಮಾಂಸ ತಿನ್ನುವುದಿಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು. ನನಗಂತಲೇ ಒಂದು ಸಣ್ಣ ಪಾತ್ರೆಯಲ್ಲಿ ಬರೀ ಅಕ್ಕಿಯದು ಬೇರೆ ಮಾಡಿದ್ದರು. ಆ ಪಾತ್ರೆಯನ್ನೂ ಹಾಗೇ ಗಂಭೀರವಾಗಿ ಮಗುಚಿದರು. ಚಪ್ಪಾಳೆ ಅದಕ್ಕೂ ಬಿತ್ತು.

ಬಟ್ಟೆಯ ಬಗ್ಗೆ ಹೇಳದಿದ್ದರೆ ಮನೆಯಲ್ಲಿ ಬೈಯುತ್ತಾರೆ. ಅವತ್ತು ಜೀನ್ಸ್ ಹಾಕಿದವರು ಕಾಣುವುದೇ ಕಡಿಮೆ. ಹೆಂಗಸರದು ಪಾದ ಮುಟ್ಟುವ ಉದ್ದ ಅಂಗಿ. ಒಳಗೊಂದು, ಮೇಲೆ ತೆಳ್ಳನೆಯದು ಒಂದು, ಅದರ ತುಂಬ ಮಿನುಗು. ಬಿಸಿಲಿಗೆ ಕಣ್ಣು ಕುಕ್ಕುತ್ತದೆ. ಗುಡ್ಡದ ಹಸಿರಿನ ಮೇಲೆ ಕೆಂಪು, ನೇರಳೆ, ಅರಿಶಿನ ಬಣ್ಣ ದೂರದಿಂದ ಕಾಣುತ್ತಿರುತ್ತದೆ. ಗಂಡಸರದು ಜೋಲು ಷರಾಯಿ, ಸೊಂಟಕ್ಕೆ ಹಲವು ಮೀಟರ್ ಉದ್ದದ ಬಟ್ಟೆ ಸುತ್ತಿ ಸುತ್ತಿ ಕಟ್ಟುತ್ತಾರೆ. ಅದನ್ನು ಕಟ್ಟಲು ಒಬ್ಬ ಹಿಡಿಯಬೇಕು, ಇನ್ನೊಬ್ಬ ಗಿರಗಿರ ತಿರುಗಬೇಕು. ನನ್ನನ್ನೂ ತಿರುಗಿಸಿದರು. ಕಾಲಿಗೆ ಹವ್ರಾಮಾನ್ ಕಡೆಯ ಕ್ಲಾಶ್, ಹತ್ತಿ ದಾರದಲ್ಲಿ ಹೆಣೆದ ಬಿಳಿ ಪಾದರಕ್ಷೆ.

ಕುಣಿತ ಸಾಲಿನದು. ಹಲ್ಪರ್ಕೆ ಅನ್ನುತ್ತಾರೆ ಸುಲೈಮಾನಿಯಾ ಕಡೆ, ಗೋವೆಂದ್ ಅನ್ನುತ್ತಾರೆ ಉತ್ತರದ ಕಡೆ. ಭುಜಕ್ಕೆ ಭುಜ ತಾಗಿಸಿ, ಬೆರಳಿಗೆ ಬೆರಳು ಹೆಣೆದು ನಿಲ್ಲುತ್ತಾರೆ. ಸಾಲಿನ ತುದಿಯಲ್ಲಿ ಮುಂದಾಳು, ಸರ್ಚೋಪಿ. ಅವನ ಕೈಯಲ್ಲಿ ಬಣ್ಣದ ಕರವಸ್ತ್ರ. ಹೆಣ್ಣು ಗಂಡು ಬೆರೆತು ಒಂದೇ ಸಾಲಿನಲ್ಲಿ ಕುಣಿಯುವುದಕ್ಕೆ ರಶ್‌ಬಲಕ್ ಅನ್ನುತ್ತಾರೆ. ಬಾರಿಸುವುದು ಡೋಲು ಮತ್ತು ಜುರ್ನಾ. ಜುರ್ನಾ ಅಂದರೆ ನಮ್ಮ ಸನಾದಿಯ ಅಣ್ಣ ಅನ್ನಿ. ದನಿ ಇನ್ನೂ ಖಡಕ್. ಹೆಜ್ಜೆ ಸುಲಭ ಅಂತ ಕಾಣುತ್ತದೆ. ಮೂರು ಮುಂದೆ, ಒಂದು ಹಿಂದೆ. ನಾನು ಲೆಕ್ಕದವನು, ಎಣಿಸಿಯೇ ಕುಣಿದೆ. ಆದರೂ ಇಡೀ ಸಾಲು ನನ್ನಿಂದ ಎಡವಿತು.

ಇನ್ನೊಂದು ಸಣ್ಣ ವಿಷಯ. ಇದು ನವ್ರೋಜ್ ದಿನದ್ದಲ್ಲ, ಆದರೆ ಅದೇ ಕಾಲದ್ದು. ಚಳಿಗಾಲದಲ್ಲಿ ಮಳೆ ಹಿಮ ಸರಿಯಾಗಿ ಬೀಳದೆ ವಸಂತ ಒಣಗಿದರೆ ಕುರ್ದ್ ಹಳ್ಳಿಗಳಲ್ಲಿ ಮಕ್ಕಳು 'ಬೂಕ ಬಾರಾನೆ' ಮಾಡುತ್ತಾರೆ. ಬೂಕ ಅಂದರೆ ಮದುವಣಗಿತ್ತಿ, ಬಾರಾನ್ ಅಂದರೆ ಮಳೆ. ಕೋಲಿಗೆ ಬಟ್ಟೆ ತೊಡಿಸಿ ಗೊಂಬೆ ಮಾಡಿ ಮನೆಮನೆಗೆ ಹಾಡಿಕೊಂಡು ಹೋಗುತ್ತಾರೆ. ಮನೆಯವರು ಗೊಂಬೆಯ ಮೇಲೆ ನೀರು ಸುರಿದು ಮಕ್ಕಳಿಗೆ ಏನಾದರೂ ಕೊಡುತ್ತಾರೆ. ಇದನ್ನು ಕೇಳಿ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಮ್ಮ ಗುರ್ಜಿ! ರೊಟ್ಟಿ ಹಂಚಿನ ಮೇಲೆ ಗುರ್ಜಿ ಇಟ್ಟು ತಲೆ ಮೇಲೆ ಹೊತ್ತು ಬರುವವನಿಗೆ ನಮ್ಮವ್ವ ಕೊಡ ತುಂಬ ನೀರು ಸುರಿಯುತ್ತಿದ್ದಳು. ಅವನು ಗರಗರ ತಿರುಗುತ್ತಿದ್ದ, ನಾವೆಲ್ಲ ತೊಯ್ದು ಹೋಗುತ್ತಿದ್ದೆವು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ಮುಗಿಲು ನೋಡಿ ಬದುಕುವವರಿಗೆ ಎಲ್ಲಿದ್ದರೂ ಅದೇ ಬುದ್ಧಿ ಬರುತ್ತದೋ ಏನೋ.

ಇಷ್ಟು ಹೊತ್ತು ನಗುತ್ತಾ ಬಂದೆವು. ಇನ್ನು ಮುಂದಿನದಕ್ಕೆ ನಗು ಬರುವುದಿಲ್ಲ.

ಮಾರ್ಚ್ ತಿಂಗಳು ಕುರ್ದರಿಗೆ ವಿಚಿತ್ರ ತಿಂಗಳು. 1988ರ ಮಾರ್ಚ್ 16ಕ್ಕೆ ಹಲಬ್ಜಾ ಎಂಬ ಊರಿನ ಮೇಲೆ ಸದ್ದಾಂ ಹುಸೇನನ ವಿಮಾನಗಳು ವಿಷಗಾಳಿಯ ಬಾಂಬು ಹಾಕಿದವು. ಸುಮಾರು 5000 ಜನ ಸತ್ತರು. ನವ್ರೋಜ್‌ಗೆ ಐದು ದಿನ ಬಾಕಿ ಇತ್ತು. ಹಲಬ್ಜಾ ಸುಲೈಮಾನಿಯಾದಿಂದ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ಈಗಲೂ ಪ್ರತಿ ವರ್ಷ 16ಕ್ಕೆ ಎಲ್ಲರೂ ಎದ್ದು ಮೌನವಾಗಿ ನಿಲ್ಲುತ್ತಾರೆ. 20ಕ್ಕೆ ಬೆಂಕಿ ಹಚ್ಚುತ್ತಾರೆ. ಆ ನಡುವಿನ ನಾಲ್ಕು ದಿನದಲ್ಲಿ ಮನೆಯಲ್ಲಿ ಎಲೆ ತೊಳೆಯುವುದು, ಬಟ್ಟೆ ಇಸ್ತ್ರಿ ಮಾಡುವುದು ನಡೆದೇ ಇರುತ್ತದೆ. 1991ರ ಮಾರ್ಚ್‌ನಲ್ಲಿ ಕುರ್ದರು ಸದ್ದಾಂ ವಿರುದ್ಧ ಎದ್ದರು. ಸರಿಯಾಗಿ ನವ್ರೋಜ್ ಹೊತ್ತಿಗೆ ಕಿರ್ಕುಕ್ ಊರನ್ನೂ ಹಿಡಿದರು. ಆ ಖುಷಿ ಎರಡು ವಾರವೂ ಉಳಿಯಲಿಲ್ಲ. ಸೈನ್ಯ ವಾಪಸು ಬಂತು. ಲಕ್ಷಾಂತರ ಜನ ಮಕ್ಕಳನ್ನು ಎತ್ತಿಕೊಂಡು ಹಿಮದ ಬೆಟ್ಟಗಳನ್ನು ಹತ್ತಿ ಗಡಿಯ ಕಡೆ ಓಡಿದರು. ನನ್ನ ಸಹೋದ್ಯೋಗಿ ಆಗ ಆರು ವರ್ಷದ ಹುಡುಗ. ಆ ನಡಿಗೆಯಲ್ಲಿ ಅವನಿಗೆ ನೆನಪಿರುವುದು ಒಂದೇ. ಅಪ್ಪನ ಕೋಟಿನ ಜೇಬಿನಲ್ಲಿದ್ದ ಒಣದ್ರಾಕ್ಷಿ.

ಟರ್ಕಿಯ ಕಥೆ ಬೇರೆ. ಅಲ್ಲಿ ಬಹಳ ಕಾಲ ಬೆಂಕಿ ಹಚ್ಚುವುದೇ ತಪ್ಪು. 1992ರ ನವ್ರೋಜ್‌ನಲ್ಲಿ ಜಿಜ್ರೆ, ಶಿರ್ನಾಕ್, ನುಸೈಬಿನ್ ಊರುಗಳಲ್ಲಿ ಗುಂಡು ಹಾರಿ 50ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ, 1990ರ ದಶಕದ ನಡುವೆ, ಸರ್ಕಾರ ಒಂದು ಉಪಾಯ ಹೂಡಿತು. ಈ ಹಬ್ಬ ನಮ್ಮದೇ, ತುರ್ಕರು ಮಧ್ಯ ಏಷ್ಯಾದಿಂದ ತಂದದ್ದು ಅಂದಿತು. ಮಂತ್ರಿಗಳು ಸೂಟು ಹಾಕಿಕೊಂಡು ಬೆಂಕಿ ಹಾರಿದರು, ಕಾದ ಕಬ್ಬಿಣಕ್ಕೆ ಸುತ್ತಿಗೆ ಬಡಿದರು. ತುರ್ಕರ ಪುರಾಣದಲ್ಲೂ ಕಬ್ಬಿಣದ ಬೆಟ್ಟ ಕರಗಿಸಿ ದಾರಿ ಮಾಡಿದ ಒಬ್ಬ ಕಮ್ಮಾರ ಇದ್ದಾನೆ, ನೋಡಿ. ಎರಡೂ ಕಡೆ ಕಮ್ಮಾರರು, ಎರಡೂ ಕಡೆ ಬೆಂಕಿ! ಹಾಗೆ ನೋಡಿದರೆ ಮಾರ್ಚ್ 21 ಯಾರೊಬ್ಬರ ಸ್ವತ್ತೂ ಅಲ್ಲ. ಇರಾನಿಗಳು, ಉಜ್ಬೆಕರು, ಕಜಕರು, ನಮ್ಮ ಮುಂಬೈನ ಪಾರ್ಸಿಗಳು ಎಲ್ಲರಿಗೂ ಅದು ಹಬ್ಬ. ಯುನೆಸ್ಕೋ 2009ರಲ್ಲಿ ಇದನ್ನು ತನ್ನ ಪಟ್ಟಿಗೆ ಸೇರಿಸಿದಾಗ ಅರ್ಜಿ ಹಾಕಿದ ದೇಶಗಳಲ್ಲಿ ಭಾರತವೂ ಇತ್ತು, ಟರ್ಕಿಯೂ ಇತ್ತು. ಹಬ್ಬ ಎಲ್ಲರದು ಅನ್ನುವುದರಲ್ಲಿ ಜಗಳವೇ ಇಲ್ಲ. ನೀನು ನಿನ್ನ ಭಾಷೆಯಲ್ಲಿ ಕರೆಯಬೇಡ ಅಂದಾಗ ಜಗಳ. ಡಬ್ಲ್ಯೂ ಕೇಸಿಗೆ ಕಾರಣ ಇದೇ. ಬರಬರುತ್ತಾ ಟರ್ಕಿಯ ದಿಯಾರ್‌ಬಕಿರ್ ಊರಿನ ಮೈದಾನದಲ್ಲಿ ನವ್ರೋಜ್‌ಗೆ ಲಕ್ಷಗಟ್ಟಲೆ ಜನ ಸೇರುವುದು ರೂಢಿಯಾಯಿತು. 2013ರ ಮಾರ್ಚ್ 21ಕ್ಕೆ ಟರ್ಕಿ ಸರ್ಕಾರದ ವಿರುದ್ಧ ಬಂದೂಕು ಹಿಡಿದ ಕುರ್ದರ ನಾಯಕ, ಜೈಲಿನಲ್ಲಿದ್ದ ಅಬ್ದುಲ್ಲಾ ಒಜಲಾನ್ ಬರೆದ ಕದನವಿರಾಮದ ಪತ್ರವನ್ನು ಓದಿದ್ದೂ ಅದೇ ಮೈದಾನದಲ್ಲಿ. ಆ ಕದನವಿರಾಮ ಎರಡು ವರ್ಷಕ್ಕೆ ಮುರಿದುಬಿತ್ತು.

ಸಿರಿಯಾದಲ್ಲಿ 1986ರಲ್ಲಿ ದಮಾಸ್ಕಸ್‌ನ ಕುರ್ದರು ಹಬ್ಬದ ಬಟ್ಟೆ ಹಾಕಿಕೊಂಡು ಹೊರಟಾಗ ಪೊಲೀಸರು ತಡೆದರು, ಗುಂಡಿಗೆ ಒಬ್ಬ ಯುವಕ ಬಲಿಯಾದ. ಆಮೇಲೆ ಅಲ್ಲಿನ ಸರ್ಕಾರ ಮಾರ್ಚ್ 21ನ್ನು ರಜೆ ಅಂತ ಸಾರಿತು. ನವ್ರೋಜ್ ಅಂತ ಅಲ್ಲ, ತಾಯಂದಿರ ದಿನ ಅಂತ! ಅರಬ್ ದೇಶಗಳಲ್ಲಿ ತಾಯಂದಿರ ದಿನ ಬರುವುದು ಅದೇ ತಾರೀಕಿಗೆ. ಅಮ್ಮನನ್ನು ಕರೆದುಕೊಂಡು ಗುಡ್ಡಕ್ಕೆ ಹೋದರೆ ಯಾರು ಬೇಡ ಅಂದಾರು? 2023ರಲ್ಲಿ ದೊಡ್ಡ ಭೂಕಂಪ ಆಗಿ ಆರು ವಾರ ಆಗಿತ್ತು. ಅಫ್ರಿನ್ ಕಡೆಯ ಜಿಂದಿರೇಸ್ ಊರು ನೆಲಸಮ ಆಗಿತ್ತು. ಆ ಅವಶೇಷಗಳ ನಡುವೆ ಮನೆ ಮುಂದೆ ನವ್ರೋಜ್ ಬೆಂಕಿ ಹಚ್ಚಿದ್ದಕ್ಕೆ ಒಂದೇ ಕುಟುಂಬದ ನಾಲ್ಕು ಜನರನ್ನು ಬಂದೂಕುಧಾರಿಗಳು ಕೊಂದರು. ಅವತ್ತು ಸುಲೈಮಾನಿಯಾದಲ್ಲಿ ನಮ್ಮ ಓಣಿಯ ಬೆಂಕಿಯ ಸುತ್ತ ನಿಂತವರೆಲ್ಲ ಫೋನ್ ನೋಡುತ್ತಿದ್ದರು. ಬೆಂಕಿ ಆರಿಸಲಿಲ್ಲ. ಡೋಲು ಮಾತ್ರ ನಿಲ್ಲಿಸಿದರು.

ಯಜೀದಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ಕುರ್ದಿಶ್ ಮಾತಾಡುತ್ತಾರೆ, ಧರ್ಮ ಬೇರೆ. ನವಿಲಿನ ರೂಪದ ದೇವದೂತನನ್ನು ನಂಬುತ್ತಾರೆ. ಅವರ ಹೊಸ ವರ್ಷ ಮಾರ್ಚ್‌ಗೆ ಬರುವುದಿಲ್ಲ. ಹಳೆಯ ಕ್ಯಾಲೆಂಡರಿನ ಏಪ್ರಿಲ್ ಒಂದರ ಲೆಕ್ಕ ಹಿಡಿದು, ಈಗಿನ ಏಪ್ರಿಲ್ 14ರಂದು ಅಥವಾ ಅದರ ನಂತರ ಬರುವ ಮೊದಲ ಬುಧವಾರಕ್ಕೆ ಬರುತ್ತದೆ. 'ಚಾರ್ಷಮಾ ಸೋರ್', ಕೆಂಪು ಬುಧವಾರ. ಮೊಟ್ಟೆ ಬೇಯಿಸಿ ಬಣ್ಣ ಹಚ್ಚುತ್ತಾರೆ. ಒಡೆದ ಚಿಪ್ಪುಗಳನ್ನು ಕೆಂಪು ಹೂವಿನ ಜೊತೆ ಕೆಸರಿನಲ್ಲಿ ಬಾಗಿಲ ಚೌಕಟ್ಟಿಗೆ ಮೆತ್ತುತ್ತಾರೆ. ಆ ತಿಂಗಳು ಮದುವೆ ಮಾಡುವುದಿಲ್ಲ. ಏಕೆಂದರೆ ಏಪ್ರಿಲ್ ತಿಂಗಳೇ ವರ್ಷದ ಮದುವಣಗಿತ್ತಿ, ಅವಳ ಎದುರು ಬೇರೆ ಮದುವಣಗಿತ್ತಿ ನಿಲ್ಲಬಾರದು ಅಂತ. ಹಿಂದಿನ ಸಂಜೆ ಲಾಲಿಶ್ ಎಂಬ ಅವರ ಪುಣ್ಯಸ್ಥಳದಲ್ಲಿ ವರ್ಷದ ದಿನಕ್ಕೊಂದರಂತೆ 365 ಎಣ್ಣೆ ಬತ್ತಿ ಹಚ್ಚುತ್ತಾರೆ. 2014ರಲ್ಲಿ ಐಸಿಸ್‌ನವರು ಶಿಂಗಾಲ್ ಕಡೆಯ ಯಜೀದಿಗಳನ್ನು ಕೊಂದು, ಹೆಣ್ಣುಮಕ್ಕಳನ್ನು ಹೊತ್ತೊಯ್ದರು. ಇವತ್ತಿಗೂ ಎಷ್ಟೋ ಜನ ಡೇರೆಗಳಲ್ಲೇ ಇದ್ದಾರೆ. ಡೇರೆಗೆ ಮರದ ಬಾಗಿಲು ಎಲ್ಲಿಂದ ಬರಬೇಕು? ಚಿಪ್ಪು ಎಲ್ಲಿಗೆ ಮೆತ್ತುತ್ತಾರೆ ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ.

ಕೊನೆಗೆ ನನ್ನ ಮೂರನೆಯ ನವ್ರೋಜ್. ಗೋಯ್ಜಾ ಬೆಟ್ಟದ ಮೇಲೆ ನಾವು ಎಂಟು ಹತ್ತು ಜನ. ನಮ್ಮ ಆಫೀಸಿನಲ್ಲಿ ಮೊದಲು ದಿಯಾರ್‌ಬಕಿರ್‌ನ ಒಬ್ಬ ಎಂಜಿನಿಯರ್ ಇದ್ದ, ವಾಪಸು ಊರಿಗೆ ಹೋಗಿದ್ದ. ನನ್ನ ಸಹೋದ್ಯೋಗಿ ಅವನಿಗೆ ವಿಡಿಯೋ ಕಾಲ್ ಹಚ್ಚಿದ. ಇವನದು ಸೊರಾನಿ ಕುರ್ದಿಶ್, ಅವನದು ಕುರ್ಮಾಂಜಿ. ಇವನು ಬರೆಯುವುದು ಅರಬ್ಬಿ ಲಿಪಿಯಲ್ಲಿ, ಅವನು ಲ್ಯಾಟಿನ್ ಲಿಪಿಯಲ್ಲಿ, ಡಬ್ಲ್ಯೂ ಹಾಕಿ. ಮಾತಾಡಿದ್ದು ಅರ್ಧ ಒಬ್ಬರಿಗೊಬ್ಬರಿಗೆ ಅರ್ಥ ಆಗುವುದಿಲ್ಲ. 'ನವ್ರೋಜ್ ಪೀರೋಜ್ ಬೇ' ಮಾತ್ರ ಎರಡೂ ಕಡೆ ಒಂದೇ. ಆಮೇಲೆ ಇವನು ಫೋನ್ ತಿರುಗಿಸಿ ನಮ್ಮ ಬೆಂಕಿ ತೋರಿಸಿದ. ಅವನು ಫೋನ್ ತಿರುಗಿಸಿ ಅವರ ಬೆಂಕಿ ತೋರಿಸಿದ. ಪರದೆಯ ಮೇಲೆ ಕಂಡಿದ್ದು ಒಂದು ಹಳದಿ ಚುಕ್ಕೆ, ಅಷ್ಟೇ.

'ಕಾಣಿಸುತ್ತಿಲ್ಲ, ಕಾಕ, ಕೈ ಅಲ್ಲಾಡಿಸಬೇಡ' ಅಂತ ಇವನು ಕೂಗಿದ.

ಆ ಕಡೆಯಿಂದಲೂ ಅದನ್ನೇ ಕೂಗುತ್ತಿದ್ದರು.